ಹಲಸೂರು ಕೆರೆಯ ಕಲ್ಲಿಗೆ ಬರುವ ಬಸ್ರಾ ನೋಟು

ಬೆಳಕು ಹರಿಯುವ ಮೊದಲೇ ಹಲಸೂರು ಕೆರೆಯ ದಂಡೆಯಲ್ಲಿ ಉಬ್ಬೆಯ ಹೊಗೆ ಏಳುತ್ತಿದೆ. ಸವಳು ನೀರಲ್ಲಿ ನೆನೆದ ಬಟ್ಟೆಯನ್ನು ಬಾನಿಯ ಮೇಲೆ ಪೇರಿಸಿ ಹಬೆಯಲ್ಲಿ ಬೇಯಿಸುವುದಕ್ಕೆ ಅಗಸರು ಉಬ್ಬೆ ಅನ್ನುತ್ತಾರೆ. ಬೆಂಕಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಸೌದೆ ತಳ್ಳುತ್ತಿರುವ ಮುದುಕ ಮುನಿಆಂಜನಪ್ಪ. ಮೊಣಕಾಲುದ್ದ ನೀರಲ್ಲಿ ನಿಂತು ಖಾಕಿಯ ಗಂಟು ಬಿಚ್ಚುತ್ತಿರುವವಳು ಅವನ ಸೊಸೆ ಪಟಾಲಮ್ಮ. ಆಚೆ ದಡದ ಸ್ಯಾಪರ್ ಸಿಪಾಯಿಗಳ ಲೈನಿನಲ್ಲಿ ಬ್ಯೂಗಲ್ ಇನ್ನೂ ಊದಿಲ್ಲ.

ಒಂದೊಂದು ಅಂಗಿಯನ್ನೂ ಎತ್ತಿ, ಜೇಬಿಗೆ ಎರಡು ಬೆರಳು ಇಳಿಸಿ ನೋಡಿ, ಆಮೇಲೆ ನೀರಿಗೆ ಹಾಕುತ್ತಾಳೆ. ಬೀಡಿಯ ಮೋಟು ಸಿಗುತ್ತದೆ, ಕಿತ್ತುಹೋದ ಗುಂಡಿ ಸಿಗುತ್ತದೆ, ಸಿನಿಮಾ ಟಿಕೀಟಿನ ಅರ್ಧ ಸಿಗುತ್ತದೆ. ಆದರೆ ಖಾಕಿಯ ಒಳಜೇಬು ಬಲು ಮೋಸಗಾರ, ಎಷ್ಟು ತಡವಿದರೂ ಕೈಗೆ ಸಿಗುವುದಿಲ್ಲ. ಇವತ್ತೂ ಹಾಗೇ ಆಯಿತು. ನೆನೆದ ಅಂಗಿಯನ್ನು ಹಿಂಡಲು ಹೋದಾಗ ಬೆರಳಿಗೆ ಗಟ್ಟಿಯಾಗಿ ಏನೋ ತಾಕಿದೆ. ಪಟಾಲಮ್ಮನ ಕೈ ಅಲ್ಲೇ ನಿಂತುಬಿಡುತ್ತದೆ. ಒದ್ದೆ ಬಟ್ಟೆಯ ಪದರ ಬಿಡಿಸಿ, ಉಗುರಿನ ತುದಿಯಿಂದ ಮೆಲ್ಲಗೆ ಎಳೆಯುತ್ತಾಳೆ. ನಾಲ್ಕು ಮಡಿಕೆಯ ಹಸಿರು ಕಾಗದ. ಬಿಡಿಸಿದರೆ ಒಂದು ಮಗ್ಗುಲಲ್ಲಿ ಗುಂಡುಕೆನ್ನೆಯ ಮಗುವಿನ ಚಿತ್ರ.

"ಮಾವಾ, ಬಸ್ರಾದ್ದು!" ಎಂದು ಕೂಗುತ್ತಾಳೆ.

ಮುದುಕ ತಲೆ ಎತ್ತುವುದಿಲ್ಲ. "ಯಾರ ಅಂಗಿ ನೋಡವ್ವ ಮೊದ್ಲು" ಅನ್ನುತ್ತಾನೆ.

ಕಾಲರಿನ ಒಳಗೆ ಗೇರುಮಸಿಯಲ್ಲಿ ಹಾಕಿದ ಗುರುತು ಹೊಸ ಕಂಪೆನಿಯ ಡ್ರೈವರೊಬ್ಬನದು. ಹೋದ ವಾರ ಹಡಗಿನಿಂದ ಇಳಿದು, ರೈಲು ಹತ್ತಿ ದಂಡಿನ ಪ್ರದೇಶಕ್ಕೆ ಬಂದವರಲ್ಲಿ ಒಬ್ಬ. ಪಟಾಲಮ್ಮ ದಡಕ್ಕೆ ಹತ್ತಿ, ಬಿಸಿನೀರು ತುಂಬಿದ ಹಿತ್ತಾಳೆ ಬಿಂದಿಗೆಯ ಹೊಟ್ಟೆಗೆ ಆ ನೋಟನ್ನು ಅಂಟಿಸುತ್ತಾಳೆ. ಹಪ್ಪಳ ಸವರುವ ಹಾಗೆ ಬೆರಳಿಂದ ಮಡಿಕೆ ತೀಡುತ್ತಾಳೆ. ಇನ್ನು ಅದು ತಾನಾಗಿಯೇ ಒಣಗಿ ಉದುರಬೇಕು, ಅವಸರ ಪಟ್ಟು ಕಿತ್ತರೆ ಹರಿಯುತ್ತದೆ. ಅಂಟಿಸಿ ನೀರಿಗೆ ಇಳಿದವಳು ಬಟ್ಟೆ ಒಗೆಯುತ್ತ ಒಗೆಯುತ್ತ ಬಿಂದಿಗೆಯ ಕಡೆಗೇ ನೋಡುತ್ತಾಳೆ.

ದಂಡಿನ ಪ್ರದೇಶದಲ್ಲಿ ಯುದ್ಧದ ಕಾಲದಲ್ಲಿ ಯಾರು ಏನು ಮಾಡಿದರು ಅನ್ನುವುದಕ್ಕೆ ಪದಕಗಳಿವೆ, ಮೆರವಣಿಗೆಗಳಿವೆ. ಪಲ್ಟನ್ನಿನ ಖಾಕಿಯನ್ನು ಗರಿಗರಿ ಮಾಡಿ ಕಳಿಸಿದ ಈ ಹೆಂಗಸಿಗೆ ಸಿಕ್ಕಿದ್ದು ಬೆರಳ ಸಂದಿಯ ಸವಳು ಹುಣ್ಣು. ದಿನಕ್ಕೆ ಎರಡು ಗಂಟು, ಗಂಟಿಗೆ ನೂರರ ಮೇಲೆ ಬಟ್ಟೆ. ಒಗೆಯುವುದು, ಉಬ್ಬೆಗೆ ಹಾಕುವುದು, ಗಂಜಿ ಅದ್ದುವುದು, ಕರಟದ ಕೆಂಡ ತುಂಬಿದ ಪೆಟ್ಟಿಗೆಯಿಂದ ಇಸ್ತ್ರಿ ತೀಡುವುದು, ಸಂಜೆಗೆ ಕತ್ತೆಯ ಮೇಲೆ ಹೇರಿ ಲೈನಿಗೆ ಮುಟ್ಟಿಸುವುದು. ಗಂಡ ಇದ್ದಾಗ ಇಬ್ಬರ ಕೆಲಸ. ಈಗ ಇವಳೊಬ್ಬಳದೇ. ಬೆನ್ನು ನೋಯುವುದಿಲ್ಲವೇ ಎಂದು ನಾವು ಕೇಳಿದರೆ ನಗುತ್ತಾಳೆ. "ನೋಯ್ದೇ ಇರ್ತದಾ ಸ್ವಾಮಿ? ಬೆನ್ನಲ್ವಾ! ಕಲ್ಲಾಗಿದ್ರೆ ನೋಯ್ತಿರ್ಲಿಲ್ಲ."

ಗಂಡನ ಹೆಸರು ಮುನಿಶಾಮಿ. ಅವನ ಮಾತು ಬಂದರೆ ನಗು ನಿಲ್ಲುತ್ತದೆ.

ಆರು ವರ್ಷ ಆಗುತ್ತ ಬಂತು. ಪಲ್ಟನ್ನಿನ ಜೊತೆ ಧೋಬಿಗಳೂ, ಅಡಿಗೆಯವರೂ, ಕ್ಷೌರದವರೂ ಬೇಕೆಂದು ಹೆಸರು ಬರೆಸಿಕೊಳ್ಳುತ್ತಿದ್ದ ಕಾಲ. ಮುನಿಶಾಮಿ ಹೆಂಡತಿಗೆ ಒಂದು ಮಾತೂ ಹೇಳದೆ ಹೋಗಿ ಹೆಬ್ಬೆಟ್ಟು ಒತ್ತಿ ಬಂದ. ಇವಳಿಗೆ ಗೊತ್ತಾದದ್ದು ಪಕ್ಕದ ಕಲ್ಲಿನಲ್ಲಿ ಒಗೆಯುವವಳ ಬಾಯಿಂದ. ಅಯ್ಯೋ, ಆ ಅವಮಾನ! ಊರಿಗೆಲ್ಲ ಗೊತ್ತು, ಕಟ್ಟಿಕೊಂಡವಳಿಗೆ ಗೊತ್ತಿಲ್ಲ. ಹೊರಡುವ ದಿನ ಬೆಳಿಗ್ಗೆ ಅವನ ಹತ್ತಿರ ಇದ್ದ ಒಂದೇ ಒಳ್ಳೆ ಅಂಗಿಯನ್ನು ಬೇಕೆಂದೇ ನೀರಿಗೆ ಅದ್ದಿಬಿಟ್ಟಳು. ಒಣಗುವ ತನಕ ಹೋಗಲಾರ ಅಂತ ಅವಳ ಲೆಕ್ಕ. ಅವನು ಹಿಂಡಿ, ಒದ್ದೆ ಅಂಗಿಯನ್ನೇ ತೊಟ್ಟುಕೊಂಡು ಹೊರಟ. "ಹೋಗೋನು ಹಂಗೇ ಹೋಗು, ತಿರುಗಿ ಬರ್ಬೇಡ" ಎಂದು ಇವಳು ಬೆನ್ನಿಗೆ ಕೂಗಿದಳು.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಆ ದಿನ ಮುನಿಶಾಮಿ ಉಣ್ಣಲೂ ಇಲ್ಲ, ಮಲಗಲೂ ಇಲ್ಲ. ರೈಲು ಹತ್ತಿದ, ಹಡಗು ಹತ್ತಿದ, ಇರಾಕಿನ ಬಸ್ರಾದಲ್ಲಿ ಇಳಿದ.

ಬಸ್ರಾ ಈ ಮನೆಗೆ ಹೊಸ ಊರೇನಲ್ಲ. ಹಿಂದಿನ ಜರ್ಮನ್ ಯುದ್ಧದಲ್ಲಿ ಮುನಿಆಂಜನಪ್ಪನೂ ಧೋಬಿಯಾಗಿ ಅಲ್ಲಿಗೆ ಹೋಗಿದ್ದವನು. ಉಬ್ಬೆಯ ಬೆಂಕಿಯ ಮುಂದೆ ಕೂತರೆ ಅವನ ಬಾಯಿಗೆ ಬೀಗವಿಲ್ಲ. "ನಮ್ಮ ಕಾಲದಲ್ಲಿ ಅಲ್ಲಿ ನಮ್ಮ ರೂಪಾಯೀನೇ ಓಡ್ತಿತ್ತು ಕಣಪ್ಪಾ! ಖರ್ಜೂರ ಮಾರೋ ಅರಬ್ಬಿ ಮುದುಕಿ ನಮ್ಮ ರೂಪಾಯಿನ ಹಲ್ಲಲ್ಲಿ ಕಚ್ಚಿ ನೋಡಿ ತಗೊಳ್ಳೋಳು. ಊರು ಬೇರೆ, ಭಾಷೆ ಬೇರೆ, ದುಡ್ಡು ಮಾತ್ರ ನಮ್ಮದೇ. ಆಮೇಲೆ ಅವ್ರಿಗೂ ಒಬ್ಬ ರಾಜ ಬಂದ, ರಾಜ ಬಂದ್ಮೇಲೆ ನೋಟೂ ಬೇಕಲ್ಲ!"

ಮುದುಕ ಹೇಳುವುದು ಸರಿಯೇ. ಇರಾಕ್ ರಾಜ್ಯ ತನ್ನದೇ ದಿನಾರನ್ನು ಹೊರಡಿಸಿ ಹದಿನೈದು ವರ್ಷವಾಯಿತು. ಅದಕ್ಕೂ ಹಿಂದೆ ಅಲ್ಲಿ ಚಲಾವಣೆಯಲ್ಲಿದ್ದದ್ದು ಹಿಂದೂಸ್ಥಾನದ ರೂಪಾಯಿ. ಹೊಸ ದಿನಾರನ್ನು ಇಂಗ್ಲಿಷರ ಪೌಂಡಿಗೆ ಸಮ ಅಂದರು, ನೋಟು ಅಚ್ಚಾದದ್ದೂ ಇಂಗ್ಲೆಂಡಿನಲ್ಲೇ. ಮೊದಲ ನೋಟಿನಲ್ಲಿ ಗಡ್ಡದ ರಾಜ. ಅವನು ತೀರಿಕೊಂಡ ಮೇಲೆ ಮಗನ ಚಿತ್ರ. ಮಗನೂ ಮೋಟಾರು ಅಪಘಾತದಲ್ಲಿ ಹೋದ ಮೇಲೆ, ನಾಲ್ಕು ವರ್ಷವೂ ತುಂಬದ ಮೊಮ್ಮಗನ ಚಿತ್ರ. ಹತ್ತು ವರ್ಷದೊಳಗೆ ಮೂರು ತಲೆಮಾರು ಕಾಗದದ ಮೇಲೆ ಬಂದು ಹೋಯಿತು. ಇದನ್ನೆಲ್ಲ ಪಟಾಲಮ್ಮನಿಗೆ ಹೇಳಿದವನು ರಸೆಲ್ ಮಾರುಕಟ್ಟೆಯ ಮಗ್ಗುಲಲ್ಲಿ ಸ್ಟೂಲು ಹಾಕಿಕೊಂಡು ಕೂರುವ ನೋಟು ಬದಲಾಯಿಸುವ ಕಲೀಮುಲ್ಲಾ. ಸಿಪಾಯಿಗಳು ತಂದ ದಿನಾರು ಕೊಂಡು ಬೊಂಬಾಯಿಗೆ ಕಳಿಸುವುದು ಅವನ ಕಸಬು.

"ಅರೇ ಅಮ್ಮಾ, ಈ ಬಚ್ಚಾ ಬಾದಶಾ ಇದಾನಲ್ಲ, ಇವ್ನ ಛಾಪಾ ನಮ್ಮ ನಾಸಿಕ್‌ದು!" ಎಂದು ಕಲೀಮುಲ್ಲಾ ತೊಡೆ ತಟ್ಟುತ್ತಾನೆ. "ಲಡಾಯಿ ಟೈಮಲ್ಲಿ ವಿಲಾಯತ್ ಜಹಾಜು ಬರ್ಬೇಕಲ್ಲ? ಸಮುದ್ರ ತುಂಬಾ ಜರ್ಮನ್ ಬಾಂಬು. ಅದಕ್ಕೇ ಇಲ್ಲೇ ಛಾಪಿಸಿ ಇಲ್ಲಿಂದ್ಲೇ ಕಳಿಸಿದ್ರು. ಬ್ಯಾಂಕ್ ಗುಮಾಸ್ತರು ಹೇಳಿದ್ದು, ಸುಳ್ಳಲ್ಲ."

ಲಂಡನ್ನಿನ ಕಾಗದಕ್ಕೂ ನಾಸಿಕದ ಕಾಗದಕ್ಕೂ ಒಣಗಿಸುವಾಗ ಏನಾದರೂ ವ್ಯತ್ಯಾಸ ಕಾಣುತ್ತದೆಯೇ ಎಂದು ಪಟಾಲಮ್ಮನನ್ನು ಕೇಳಿದರೆ, "ಎಂಥ ಯತ್ಯಾಸ ಸ್ವಾಮಿ, ಒದ್ದೆ ಆದ್ರೆ ಎರಡೂ ಒಂದೇ" ಎಂದುಬಿಡುತ್ತಾಳೆ. ಆದರೆ ನಾಸಿಕದ ವಿಷಯ ಅವಳ ಮನಸ್ಸಿಗೆ ನಾಟಿದೆ. "ನಮ್ಮ ದೇಸದಲ್ಲಿ ಹುಟ್ಟಿದ ಕಾಗದ ಬಸ್ರಾಗೆ ಹೋಗಿ, ತಿರುಗಿ ನಮ್ಮ ಕೆರೆಗೆ ಬತ್ತದೆ. ಮನ್ಸ ಬರಲ್ಲ ನೋಡಿ."

ಮನುಷ್ಯ ಯಾಕೆ ಬರಲಿಲ್ಲ ಅನ್ನುವುದೇ ಈ ಹೆಂಗಸಿನ ಕಥೆ. ಅದು ತಿಳಿಯಬೇಕಾದರೆ ಅಗಸರ ಒಂದು ಕಟ್ಟಳೆ ತಿಳಿಯಬೇಕು. ಜೇಬಿನಲ್ಲಿ ಸಿಕ್ಕಿದ್ದು ಜೇಬಿಗೇ ವಾಪಸ್ಸು. ಕೇಳುವಂತಿಲ್ಲ, ಹೇಳುವಂತಿಲ್ಲ. ದುಡ್ಡಾಗಲಿ, ಚೀಟಿಯಾಗಲಿ, ಯಾರದೋ ತಲೆಗೂದಲಾಗಲಿ, ಒಣಗಿಸಿ, ಇಸ್ತ್ರಿ ಮಾಡಿ, ಒಗೆದ ಬಟ್ಟೆಯ ಅದೇ ಜೇಬಿನಲ್ಲಿ ಇಟ್ಟು ಸುಮ್ಮನೆ ಕೊಟ್ಟುಬರಬೇಕು. "ಊರ ಜನದ ಮಾನ ನಮ್ಮ ಗಂಟಲ್ಲಿರ್ತದೆ. ಬಾಯಿ ಬಿಟ್ರೆ ಯಾರು ಬಟ್ಟೆ ಕೊಡ್ತಾರೆ?" ಅನ್ನುತ್ತಾನೆ ಮುನಿಆಂಜನಪ್ಪ. ಸೊಸೆಗೆ ಈ ಕಟ್ಟಳೆ ಕಲಿಸಿದವನೂ ಅವನೇ.

ಯುದ್ಧದ ನಡುವೆ ಒಂದು ಸಲ, ಕೃಷ್ಣರಾಜಪುರದ ರಾಗಿ ಬೆಳೆಯುವ ಮನೆತನದ, ಪಲ್ಟನ್ನಿನಲ್ಲಿ ನಾಯಕ್ ಆಗಿದ್ದ ಆದಿನಾರಾಯಣ ರಜೆಯ ಮೇಲೆ ಬಸ್ರಾದಿಂದ ಬಂದ. ಅವನ ಬಟ್ಟೆ ಎಲ್ಲರ ಬಟ್ಟೆಯ ಹಾಗೆ ಒಗೆಯಲು ಬಂತು. ಅಂಗಿಯ ಜೇಬಿನಲ್ಲಿ ಕಾಲು ದಿನಾರಿನ ಒಂದು ನೋಟು. ಪಟಾಲಮ್ಮ ಒಣಗಿಸಿದಳು, ಇಸ್ತ್ರಿ ಮಾಡಿದಳು, ಜೇಬಿಗೆ ಇಟ್ಟು ಕೊಟ್ಟು ಬಂದಳು. ಅದು ಅವಳು ಆ ವಾರ ಒಣಗಿಸಿದ ಮೊದಲ ಬಸ್ರಾ ನೋಟೂ ಅಲ್ಲ, ಕೊನೆಯದೂ ಅಲ್ಲ. ಆದಿನಾರಾಯಣ ಜೇಬು ಮುಟ್ಟಿ ನೋಡಿಕೊಂಡು, ಅವಳ ಮುಖವನ್ನೇ ಒಂದು ಗಳಿಗೆ ನೋಡಿ, ಒಳಗೆ ಹೋದ.

ಯುದ್ಧ ಮುಗಿಯಿತು, ಪಲ್ಟನ್ ತಿರುಗಿ ಬಂತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ದಂಡಿನ ಸ್ಟೇಷನ್ನಿನಲ್ಲಿ ಕಾದದ್ದೇ ಬಂತು, ಮುನಿಶಾಮಿ ಇಳಿಯಲಿಲ್ಲ. ಸತ್ತ ಸುದ್ದಿಯೂ ಇಲ್ಲ. ಹೋದ ವರ್ಷ ಯುಗಾದಿ ಕಳೆದ ಮೇಲೆ, ಪಲ್ಟನ್ ಬಿಟ್ಟು ಮನೆ ಸೇರಿದ್ದ ಆದಿನಾರಾಯಣ ಹಲಸೂರಿಗೆ ಬಂದವನು ಕೆರೆಯ ಹತ್ತಿರ ನಿಂತು ಇವಳನ್ನು ಬೈದ. "ಎಂಥಾ ಕಲ್ಲೆದೆಯಮ್ಮ ನಿಂದು! ಗಂಡ ಅಷ್ಟು ದೂರದಿಂದ ಕಳಿಸಿದ್ನ ಇಸ್ತ್ರಿ ಮಾಡಿ ಮುಖಕ್ಕೆಸೆದಂಗೆ ವಾಪಸ್ ಕೊಟ್ಬಿಟ್ಯಲ್ಲ?"

ಏನು ವಾಪಸ್ಸು, ಯಾವುದು ವಾಪಸ್ಸು ಎಂದು ಪಟಾಲಮ್ಮ ಬಾಯಿ ಬಾಯಿ ಬಿಟ್ಟಳು. ಆಗ ಅವನು ಹೇಳಿದ. ಮುನಿಶಾಮಿಗೆ ಬರೆಯಲು ಬರುವುದಿಲ್ಲ. ಗಂಡ ಹೆಂಡಿರ ಜಗಳದ ಮಾತನ್ನು ಇನ್ನೊಬ್ಬನ ಕೈಲಿ ಬರೆಸುವುದಕ್ಕೆ ಮಾನ ಒಪ್ಪಲಿಲ್ಲ. ಅದಕ್ಕೆ ತನ್ನ ಕೈಯಾರೆ ಒಂದು ನೋಟನ್ನು ಆದಿನಾರಾಯಣನ ಅಂಗಿಯ ಜೇಬಿಗಿಟ್ಟು ಕಳಿಸಿದ. "ಬಸ್ರಾ ನೋಟು ನಮ್ಮ ಕೆರೆಗೆ ಬಂದ್ರೆ ಕಳಿಸ್ದೋರು ಯಾರು ಅಂತ ಅವ್ಳಿಗೆ ಗೊತ್ತಾಗಲ್ವಾ? ಇಟ್ಕೊಂಡ್ಳು ಅಂದ್ರೆ ಕೋಪ ಇಳೀತು ಅಂತ. ವಾಪಸ್ ಬಂದ್ರೆ ನಾನೂ ಊರಿಗೆ ಬರಲ್ಲ. ನೀನು ಬಾಯಿ ಬಿಡ್ಬೇಡ, ಅವ್ಳ ಮನಸ್ಸೇ ಹೇಳ್ಲಿ" ಎಂದು ಆಣೆ ಹಾಕಿಸಿಕೊಂಡಿದ್ದ. ಆದಿನಾರಾಯಣ ಆಣೆ ಉಳಿಸಿಕೊಂಡ. ರಜೆ ಮುಗಿಸಿ ಹೋಗಿ ಗರಿಗರಿ ನೋಟನ್ನು ಮುನಿಶಾಮಿಯ ಕೈಗಿಟ್ಟ.

ಪಾಪ, ಮುನಿಶಾಮಿಗೇನು ಗೊತ್ತು? ಅವನ ಕಣ್ಣಲ್ಲಿ ಹಲಸೂರು ಕೆರೆಗೆ ಬರುವ ಬಸ್ರಾ ನೋಟು ತಾನು ಕಳಿಸಿದ್ದೊಂದೇ. ಇಲ್ಲಿ ನೋಡಿದರೆ ಆ ಮಗುರಾಜ ಅರ್ಧ ಪಲ್ಟನ್ನಿನ ಜೇಬಿನಲ್ಲಿ ಕೂತು ಬರುತ್ತಿದ್ದ. ಇನ್ನೊಂದು ಕಸುಬಿನವಳಾಗಿದ್ದರೆ, ಯಾರಿಗೆ ಗೊತ್ತಾಗುತ್ತದೆ ಬಿಡು ಎಂದು ನೋಟನ್ನು ಸೆರಗಿಗೆ ಗಂಟು ಹಾಕಿಕೊಂಡಿರುತ್ತಿದ್ದಳು, ಸಂಸಾರ ಉಳಿಯುತ್ತಿತ್ತು. ಈ ಪುಣ್ಯಾತ್ಗಿತ್ತಿ ನಿಯತ್ತಿನಿಂದ ಇಸ್ತ್ರಿ ಮಾಡಿ ಕೊಟ್ಟಳು!

"ಆವತ್ತು ಒಂದ್ ಬಟ್ಟೇನೂ ಒಗೀಲಿಲ್ಲ ಸ್ವಾಮಿ" ಅನ್ನುತ್ತಾಳೆ ಪಟಾಲಮ್ಮ. "ಅವ್ನ ಕೈ ಮುಟ್ಟಿದ ಕಾಗದ ನನ್ನ ಕೈಲಿತ್ತು. ನಾನೇ ತೀಡಿದ್ದೆ. ಗೊತ್ತಾಗ್ಲೇ ಇಲ್ಲ."

ಆಮೇಲೆ ಬಸ್ರಾಕ್ಕೆ ಹೋಗುವವರ ಕೈಯಲ್ಲೆಲ್ಲ ಮಾತು ಕಳಿಸಿದಳು. ಪಲ್ಟನ್ನಿನ ಕೆಲಸ ಬಿಟ್ಟು ಬಸ್ರಾದ ಅಶಾರ್ ಬಜಾರಿನಲ್ಲಿ ಬಟ್ಟೆ ಒಗೆಯುವ ಅಂಗಡಿ ಇಟ್ಟಿದ್ದಾನೆ ಅಂತ ಒಬ್ಬ ಹೇಳಿದ. ಅಂಥ ಅಂಗಡಿಯೇ ಇಲ್ಲ ಅಂತ ಇನ್ನೊಬ್ಬ ಹೇಳಿದ. ಮಾತು ಮುಟ್ಟಿತೋ ಇಲ್ಲವೋ ದೇವರಿಗೇ ಗೊತ್ತು.

ಅವತ್ತಿನಿಂದ ಪಟಾಲಮ್ಮ ಕಟ್ಟಳೆಯ ಅರ್ಧ ಮುರಿದಿದ್ದಾಳೆ. ವಾಪಸ್ಸು ಕೊಡುವುದನ್ನು ಬಿಟ್ಟಿಲ್ಲ. ಆದರೆ ಬಸ್ರಾ ನೋಟು ಸಿಕ್ಕರೆ ಜೇಬಿಗಿಟ್ಟು ಸುಮ್ಮನೆ ಬರುವುದಿಲ್ಲ. ಅಂಗಿಯವನನ್ನು ಕರೆದು, ನೋಟನ್ನು ಮುಂದೆ ಹಿಡಿದು, "ಇದು ನಿಮ್ದೇನಾ?" ಎಂದು ಕೇಳುತ್ತಾಳೆ. ಕೆರೆಯ ಹಿರಿಯರು ಮುಖ ತಿರುಗಿಸಿದರು. ಮಾವ ಮೂರು ದಿನ ಮಾತು ಬಿಟ್ಟ, ಆಮೇಲೆ ತಾನೇ ಸೋತ. ಕೆಲವು ಸಿಪಾಯಿಗಳು ತಮಾಷೆ ಮಾಡುತ್ತಾರೆ. ಲೈನಿನ ಅಡಿಗೆಯವ ವಾಜಿದ್ ಮಾತ್ರ ಮರುಗಿ, "ನಂದಲ್ಲ ಅಕ್ಕಾ, ನಿಮ್ಮೋರೇ ಕಳಿಸಿರ್ಬೇಕು, ಇಟ್ಕೊಳ್ಳಿ" ಅಂದುಬಿಟ್ಟ. ಇವಳು ಅವನನ್ನು ಸರಿಯಾಗಿ ತರಾಟೆಗೆ ತೆಗೆದುಕೊಂಡಳು. "ಕನಿಕರದ ನೋಟು ಇಟ್ಕೊಂಡು ನಾನೇನ್ ಮಾಡ್ಲಿ? ನಿಜ ಹೇಳು" ಎಂದು ಗದರಿ, ಅವನದೇ ಎಂದು ಬಾಯಿ ಬಿಡಿಸಿ, ಕೈಗೆ ತುರುಕಿ ಬಂದಳು.

ಈಚೆಗೆ ನೋಟುಗಳೇ ಕಡಿಮೆಯಾಗುತ್ತಿವೆ. ಬಸ್ರಾದಿಂದ ನಮ್ಮ ಸೈನ್ಯವೆಲ್ಲ ವಾಪಸ್ಸು ಬರುತ್ತಿದೆ. ಅಲ್ಲೂ ದೇಶದ ಸ್ವಂತ ಬ್ಯಾಂಕು ಮಾಡುತ್ತಾರಂತೆ, ಮುಂದೆ ನೋಟೂ ಬದಲಾಗುತ್ತದಂತೆ, "ಆಮೇಲೆ ಈ ಬಚ್ಚಾನ ಯಾರು ಕೇಳ್ತಾರೆ?" ಎಂದು ಕಲೀಮುಲ್ಲಾ ಕೈ ಚೆಲ್ಲುತ್ತಾನೆ. ವಾರಕ್ಕೆ ಒಂದು ಸಿಕ್ಕರೆ ಹೆಚ್ಚು. ಹೋದ ತಿಂಗಳು ಒಂದೂ ಇಲ್ಲ. ಬರುವ ಅಂಗಿಗಳೇ ನಿಂತುಹೋದರೆ ತಾನು ಯಾವ ಜೇಬು ನೋಡಬೇಕು ಅನ್ನುವುದೇ ಪಟಾಲಮ್ಮನ ಚಿಂತೆ. ಅದಕ್ಕೇ ಇವತ್ತಿನ ಹಸಿರು ಕಾಗದ ಬಿಂದಿಗೆಯಿಂದ ಉದುರುವ ಮೊದಲೇ ಎರಡು ಸಲ ನೀರಿನಿಂದ ಹತ್ತಿ ಬಂದು ನೋಡಿದ್ದಾಳೆ.

ಸಂಜೆ. ಕತ್ತೆಯನ್ನು ಲೈನಿನ ಹೊರಗೆ ಕಟ್ಟಿ, ಗಂಟು ಇಳಿಸಿ, ಪಟಾಲಮ್ಮ ಡ್ರೈವರನ್ನು ಕೇಳಿ ಕರೆಸುತ್ತಾಳೆ. ಮಂಜೂರ್ ಅಂತ ಹೆಸರು, ಆಂಬೂರಿನ ಕಡೆಯವನು, ಇಪ್ಪತ್ತೈದರ ಆಳು. ಬಂದು ವಾರವಾಗಿದೆ, ಇವಳ ಕಥೆ ಕೇಳಿದವನಲ್ಲ. ಇಸ್ತ್ರಿಯ ಅಂಗಿಯ ಮೇಲೆ ನೋಟನ್ನಿಟ್ಟು ಮುಂದೆ ಹಿಡಿಯುತ್ತಾಳೆ.

"ಇದು ನಿಮ್ದೇನಾ?"

ಮಂಜೂರ್ ಹುಬ್ಬು ಗಂಟಿಕ್ಕುತ್ತಾನೆ. "ನಂದಾ? ನನ್ನ ದಿನಾರೆಲ್ಲ ಬೊಂಬಾಯಲ್ಲೇ ಮಾರ್ಬಿಟ್ಟೆ. ಎಲ್ಲಿತ್ತು ಇದು?"

"ನಿಮ್ಮಂಗಿ ಒಳಜೇಬಲ್ಲಿ. ಸರಿಯಾಗಿ ನೆನಪು ಮಾಡ್ಕೊಳ್ಳಿ. ನನ್ನ ಮುಖ ನೋಡಿ ಹೇಳ್ಬೇಡಿ."

"ಇಲ್ಲಮ್ಮ, ಈ ಅಂಗಿ ನಾನು ಹಾಕ್ಲೇ ಇಲ್ಲ. ಧೋಬಿ ಕೊಟ್ಟಾಗಿಂದ ಪೆಟ್ಟಿಗೇಲೇ ಇತ್ತು."

ಒಗೆದ ಅಂಗಿಯನ್ನು ಮತ್ತೆ ಒಗೆಯಲು ಯಾಕೆ ಹಾಕಿದಿರಿ ಎಂದು ಪಟಾಲಮ್ಮ ಕೇಳುತ್ತಾಳೆ.

"ಆ ಧೋಬೀನೇ ಹೇಳ್ದ. ಅಶಾರ್‌ನಲ್ಲಿ, ಹೊರಡೋ ಹಿಂದಿನ ದಿನ. ಬೆಂಗ್ಳೂರಿಗೆ ಹೋಗ್ತೀಯಾ ಅಂತ ಕೇಳ್ದ, ಹೂಂ ಅಂದೆ. 'ಈ ಅಂಗಿ ನನ್ನ ಕೈಲಿ ಚೆನ್ನಾಗಿ ಬರ್ಲಿಲ್ಲ, ಊರಿಗೆ ಹೋದ್ಮೇಲೆ ಹಲಸೂರು ಕೆರೇಲಿ ಒಗೆಸ್ಕೋ, ಅಲ್ಲಿವರ್ಗೂ ಹಾಕ್ಬೇಡ' ಅಂದ. ನಾನು ನೋಡ್ದೆ, ಅಂಗಿ ಪಳಪಳ ಅಂತಿತ್ತು. ಹುಚ್ಚು ಅಂದ್ಕೊಂಡೆ. ಕಾಸೂ ತಗೊಳ್ಳಲಿಲ್ಲ."

ತಾನು ಒಗೆದದ್ದು ಚೆನ್ನಾಗಿ ಬರಲಿಲ್ಲ ಎಂದು ಯಾವ ಅಗಸ ತಾನೇ ಬಾಯಿಬಿಟ್ಟು ಹೇಳುತ್ತಾನೆ? ತಲೆ ಹೋದರೂ ಹೇಳುವುದಿಲ್ಲ. ಪಟಾಲಮ್ಮ ಇನ್ನಷ್ಟು ಹತ್ತಿರ ಬರುತ್ತಾಳೆ. ಹೇಗಿದ್ದ ಎಂದು ಕೇಳುತ್ತಾಳೆ. ತೆಳ್ಳಗಿದ್ದ ಅನ್ನುತ್ತಾನೆ. ಕೂದಲು? ನರೆತಿತ್ತು. ಕೆಮ್ಮುತ್ತಿದ್ದನಾ? ಇಲ್ಲ. ಜೊತೆಗೆ ಯಾರಾದರೂ ಇದ್ದರಾ? ಮಂಜೂರ್ ಯೋಚಿಸಿ, ಒಬ್ಬನೇ ಇದ್ದ, ಒಲೆಯ ಮೇಲೆ ಒಬ್ಬನಿಗಾಗುವಷ್ಟು ಅನ್ನ ಇತ್ತು ಅನ್ನುತ್ತಾನೆ. ಅದನ್ನು ಕೇಳಿದ ಮೇಲೆ ಪಟಾಲಮ್ಮ ಸೆರಗನ್ನು ಬಾಯಿಗೆ ಒತ್ತಿ ಅಳುತ್ತಾಳೆ. ಲೈನಿನ ನಾಲ್ಕು ಜನ ನಿಂತು ನೋಡುತ್ತಿದ್ದಾರೆ, ಅವಳಿಗೆ ಅದರ ಪರಿವೆಯೇ ಇಲ್ಲ. ಮಂಜೂರ್ ಗಾಬರಿಯಾಗಿ ಒಳಗೆ ಓಡಿ, ಲೋಟದಲ್ಲಿ ನೀರು ತಂದು ಕೊಡುತ್ತಾನೆ.

ಕೆರೆಯ ಏರಿಯ ಮೇಲೆ ಕತ್ತೆಯನ್ನು ಹೊಡೆದುಕೊಂಡು ಪಟಾಲಮ್ಮ ಮರಳುತ್ತಿದ್ದಾಳೆ. ನೋಟು ಅವಳ ಮುಷ್ಟಿಯಲ್ಲಿದೆ. ಕಲೀಮುಲ್ಲಾನ ಹತ್ತಿರ ಕೊಟ್ಟರೆ ಮೂರು ರೂಪಾಯಿಯ ಮೇಲೆ ಸಿಗುತ್ತದೆ. ಮನೆಯಲ್ಲಿ ಅಕ್ಕಿ ಮುಗಿದಿದೆ ಎಂದು ಬೆಳಿಗ್ಗೆ ತಾನೇ ಹೇಳಿದ್ದವಳು. ಆ ಮಾತು ಈಗ ಅವಳ ಬಾಯಿಂದ ಬರುವುದಿಲ್ಲ. ಆದಿನಾರಾಯಣನ ಕೈಲಿ ಒಂದು ಕಾಗದ ಬರೆಸಿ ಅಶಾರಿಗೆ ಹಾಕಬಾರದೇ, ಮುಟ್ಟಿತು ಎಂದು ತಿಳಿಸಬಾರದೇ ಎಂದು ಕೇಳಿದರೆ ತಲೆಯಾಡಿಸುತ್ತಾಳೆ.

"ಬೇಡ ಸ್ವಾಮಿ. ಅವ್ನು ಇನ್ನೊಬ್ಬರ ಕೈಲಿ ಬರೆಸ್ಲಿಲ್ಲ, ನಾನ್ಯಾಕೆ ಬರೆಸ್ಲಿ? ಹೋದ್ಸಲ ನೋಟು ವಾಪಸ್ ಹೋಯ್ತು, ಅವ್ನು ಅಲ್ಲೇ ಉಳ್ಕೊಂಡ. ಈಗ ದಿನಾ ದಾರಿ ನೋಡ್ತಿರ್ತಾನೆ, ಯಾರಾದ್ರೂ ತಂದು ಕೊಡ್ತಾರೇನೋ ಅಂತ ಜೀವ ಕೈಲಿ ಹಿಡ್ಕೊಂಡು ಕೂತಿರ್ತಾನೆ. ಯಾರೂ ತರಲ್ಲ. ಈ ಸಲ ಇದು ಹೋಗಲ್ಲ. ಹೋಗ್ಲಿಲ್ಲ ಅಂದ್ರೆ ಅವ್ನು ಹೊರಡ್ತಾನೆ."